ತೂಕ ಕೇಳದೆ ಮೋಟಾರ್ ಕಾಂಬೊ ಕೊಡುವವರಿಂದ ದೂರ ಇರಿ

ಆರ್‌ಸಿ, ಅಂದರೆ ರೇಡಿಯೊ ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನ ಕಟ್ಟಲು ಹೊರಟಿರುವ ಎಲ್ಲರಿಗೂ, ಅದರಲ್ಲೂ ಮೊದಲ ಸಲ ಕಟ್ಟುತ್ತಿರುವ ಕಾಲೇಜು ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಮೋಟಾರ್, ಇಎಸ್‌ಸಿ (ಮೋಟಾರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್), ಪ್ರಾಪ್ (ಪ್ರೊಪೆಲ್ಲರ್), ಬ್ಯಾಟರಿ ನಾಲ್ಕನ್ನೂ ಒಂದೇ ಪ್ಯಾಕೆಟ್‌ಗೆ ಹಾಕಿ ‘ಫುಲ್ ಕಾಂಬೊ’ ಅಂತ ಮಾರುತ್ತಾರಲ್ಲ, ಅದನ್ನು ಕೊಡುವವರು ನಿಮ್ಮ ವಿಮಾನದ ಒಟ್ಟು ತೂಕ ಎಷ್ಟು ಅಂತ ಕೇಳಲಿಲ್ಲ ಅಂದರೆ ಅವರ ಹತ್ತಿರ ಕೊಳ್ಳಬೇಡಿ. ನಮ್ಮ ವಿಮಾನ ಹಾಗೇ ಹೋಯಿತು. ಯಾರ ಮೇಲೂ ಬೀಳಲಿಲ್ಲ ಅನ್ನುವುದೇ ಪುಣ್ಯ. ಒಂದು ಕೆಜಿಗಿಂತ ಜಾಸ್ತಿ ತೂಕ, ಮುಂದೆ ತಿರುಗುವ ಪ್ರಾಪ್, ಒಳಗೆ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಮಕ್ಕಳು ನೋಡಲು ಬಂದು ನಿಲ್ಲುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ನಾನು ಮತ್ತು ಅಕ್ಕನ ಮಗ ಸೇರಿ ಕಟ್ಟಿದ್ದು ಒಂದು ಹೈ ವಿಂಗ್ ಟ್ರೇನರ್, ಅಂದರೆ ರೆಕ್ಕೆ ಮೈಯ ಮೇಲ್ಗಡೆ ಇರುವ, ಹಾರಿಸಲು ಕಲಿಯುವವರ ವಿಮಾನ. ರೆಕ್ಕೆ 1.4 ಮೀಟರ್, ಮೈ ಪೂರ್ತಿ ಫೋಮ್ ಬೋರ್ಡ್, ರೆಕ್ಕೆಯೊಳಗೆ ಕಾರ್ಬನ್ ಕೊಳವೆ, ನಾಲ್ಕು 9 ಗ್ರಾಂ ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್). ಬ್ಯಾಟರಿ ಸೇರಿಸಿ ತೂಗಿದರೆ 1250 ಗ್ರಾಂ. ಮಾರುವವರಿಗೆ ಫೋನ್ ಮಾಡಿ ವಿವರ ಹೇಳಲು ಶುರು ಮಾಡಿದರೆ ಅವರು ಕೇಳಿದ್ದು ರೆಕ್ಕೆಯ ಉದ್ದ ಮಾತ್ರ. "ಹಾಗಾದರೆ 2200 ಕೆವಿ ಹಾಕಿ ಸಾರ್, 1000 ಕೆವಿಗಿಂತ ಎರಡರಷ್ಟು ಪವರ್ ಇದೆ, 8 ಇಂಚಿನ ಪ್ರಾಪ್ ಜೊತೆಗೇ ಬರುತ್ತೆ, 1.2 ಕೆಜಿ ಥ್ರಸ್ಟ್ ಗ್ಯಾರಂಟಿ" ಅಂದರು. ಥ್ರಸ್ಟ್ ಅಂದರೆ ಪ್ರಾಪ್ ಎಳೆಯುವ ಬಲ, ಕೆವಿ ಏನು ಅಂತ ಮುಂದೆ ಹೇಳುತ್ತೇನೆ. ಬಂದ ಪ್ಯಾಕೆಟ್‌ನಲ್ಲಿ ಎ2212 ಅಳತೆಯ 2200 ಕೆವಿ ಮೋಟಾರ್, 30 ಆಂಪ್ ಅಂತ ಬರೆದ ಇಎಸ್‌ಸಿ, 8×4 ಪ್ರಾಪ್ (8 ಇಂಚು ವ್ಯಾಸ, 4 ಇಂಚು ಪಿಚ್, ಪಿಚ್ ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ), 3ಎಸ್ (ಮೂರು ಸೆಲ್‌ನ) 2200 ಎಂಎಎಚ್ 30ಸಿ ಬ್ಯಾಟರಿ ಇದ್ದವು. ಅಂಥದೇ ಇನ್ನೊಂದು ಬ್ಯಾಟರಿಯನ್ನೂ ಅವರ ಹತ್ತಿರವೇ ತರಿಸಿದೆವು.

ಬತ್ತಿದ ಕೆರೆ ಅಂಗಳದಲ್ಲಿ ಹಾರಿಸಿದೆವು. ಚೆನ್ನಾಗಿ ಎದ್ದಿತು. ಗಾಳಿಗೆ ಎದುರಾಗಿ ಫುಲ್ ಥ್ರಾಟಲ್‌ನಲ್ಲಿ ಮೇಲೆ ಹತ್ತಿ ಒಂದು ಸುತ್ತು ಬರುವಷ್ಟರಲ್ಲಿ ಮೋಟಾರ್ ಸದ್ದು ನಿಂತಿತು. ಅದರಿಂದ ಭಯ ಆಗಲಿಲ್ಲ, ಟ್ರೇನರ್ ಅಂದ ಮೇಲೆ ಮೋಟಾರ್ ಇಲ್ಲದೆಯೂ ತೇಲಿಕೊಂಡು ಇಳಿಯುತ್ತದೆ. ಆದರೆ "ಮಾಮ, ಎಲಿವೇಟರ್ ಕೇಳ್ತಿಲ್ಲ, ಏನೂ ಕೇಳ್ತಿಲ್ಲ" ಅಂತ ಹುಡುಗ ಕೂಗಿದ. ಮೂತಿ ಎತ್ತಿ ಇಳಿಸುವ ಎಲಿವೇಟರ್ ಅಷ್ಟೇ ಅಲ್ಲ, ತಿರುಗಿಸುವ ರಡ್ಡರ್ ಇಲ್ಲ, ರೆಕ್ಕೆ ವಾಲಿಸುವ ಏಲರಾನ್ ಇಲ್ಲ. ಒಂದು ರೆಕ್ಕೆ ಕೆಳಗೆ ಮಾಡಿಕೊಂಡು ಹಾಗೇ ನೆಲಕ್ಕೆ ಹೊಡೆಯಿತು.

ಬ್ಯಾಟರಿಯ ಮೂಲೆ ಜಜ್ಜಿ ಹೋಗಿತ್ತು. ಜಜ್ಜಿದ ಲೈಪೊ ಆಗಲೇ ಉರಿಯದೆ ಸ್ವಲ್ಪ ಹೊತ್ತು ಬಿಟ್ಟು ಹೊತ್ತಿಕೊಳ್ಳಬಹುದು. ಅದಕ್ಕೇ ಅದನ್ನು ಕಾರಿಗೆ ಹಾಕಿಕೊಳ್ಳದೆ ಅಲ್ಲೇ ಮರಳಿನ ಮೇಲಿಟ್ಟು ಕಾದೆವು. ಹೊಗೆ ಬಂದು ಊದಿ ನಿಂತಿತು. ನೀವೂ ಹಾಗೇ ಮಾಡಿ, ಬಿದ್ದ ವಿಮಾನದ ಬ್ಯಾಟರಿಯನ್ನು ಆ ಕ್ಷಣಕ್ಕೆ ಬ್ಯಾಗಿಗೆ ತುರುಕಬೇಡಿ.

ಇಎಸ್‌ಸಿ ಸುಟ್ಟು ಹೋಗಿತ್ತು. ಮಾರುವವರ ಉತ್ತರ ಇನ್ನೂ ಬೇಸರ ತರಿಸಿತು. "ಸುಟ್ಟ ಐಟಂಗೆ ವಾರಂಟಿ ಇಲ್ಲ, ನೀವು ಫುಲ್ ಥ್ರಾಟಲ್ ಕೊಟ್ಟಿದ್ದೀರಿ" ಅಂದರು. ತಾವೇ ಜೋಡಿಸಿ ಕೊಟ್ಟ ಸೆಟ್ ಫುಲ್ ಥ್ರಾಟಲ್ ತಡೆಯುವುದಿಲ್ಲ ಅಂದರೆ ಅದನ್ನು ಕೊಳ್ಳುವಾಗಲೇ ಹೇಳಬೇಕಲ್ವಾ? ಅದರ ಮೇಲೆ, ಮುಂದಿನ ಸಲ 4ಎಸ್ ಬ್ಯಾಟರಿ ಹಾಕಿದರೆ ಮೋಟಾರ್ ಮೇಲೆ ಒತ್ತಡ ಕಡಿಮೆ ಆಗುತ್ತದೆ ಅಂತ ಸಲಹೆ ಬೇರೆ. ಇದು ಪೂರ್ತಿ ಉಲ್ಟಾ. ಅದೇ ಪ್ರಾಪ್ ಇಟ್ಟುಕೊಂಡು 3ಎಸ್‌ನಿಂದ 4ಎಸ್‌ಗೆ ಹೋದರೆ ಮೋಟಾರ್ ಇನ್ನೂ ವೇಗವಾಗಿ ತಿರುಗಲು ನೋಡುತ್ತದೆ, ಪ್ರಾಪ್ ಕೇಳುವ ಪವರ್ ಸುಮಾರು ಎರಡರಷ್ಟಾಗುತ್ತದೆ. ಈ ಮಾತು ನಂಬಿ ಯಾರಾದರೂ 4ಎಸ್ ಹಾಕುತ್ತಾರೋ ಏನೋ ಅನ್ನುವ ಯೋಚನೆಯೇ ನನ್ನನ್ನು ಬರೆಯಲು ಕೂರಿಸಿದ್ದು.

ನಮ್ಮ ಜೊತೆ ಹಾರಿಸುವ ಹಿರಿಯರೊಬ್ಬರ ಹತ್ತಿರ ವಾಟ್ ಮೀಟರ್ (ಆಂಪ್, ವೋಲ್ಟ್, ವಾಟ್ ತೋರಿಸುವ ಸಾಧನ) ಇದೆ. ಬಾಗಿದ್ದ ಶಾಫ್ಟ್ ಬದಲಿಸಿ, ಅವರ 60 ಆಂಪ್ ಇಎಸ್‌ಸಿ ಹಾಕಿ, ಮೋಟಾರನ್ನು ಮರದ ಹಲಗೆಗೆ ಬಿಗಿದು ಉಳಿದ ಬ್ಯಾಟರಿಯಲ್ಲಿ ಅಳೆದೆವು. ಫುಲ್ ಥ್ರಾಟಲ್‌ಗೆ 38 ಆಂಪ್. ಪೂರ್ತಿ ಚಾರ್ಜ್ ಆಗಿ 12.6 ವೋಲ್ಟ್ ಇದ್ದ ಬ್ಯಾಟರಿ ಆ ಕ್ಷಣದಲ್ಲಿ 9.4 ವೋಲ್ಟ್‌ಗೆ ಕುಸಿಯಿತು. ಅಂದರೆ ಸುಮಾರು 357 ವಾಟ್. 30 ಆಂಪ್ ಇಎಸ್‌ಸಿಗೆ 38 ಆಂಪ್ ಎಳೆಯುವ ಪ್ರಾಪ್ ಜೋಡಿಸಿ ‘ಕಾಂಬೊ’ ಅಂತ ಮಾರಿದ್ದರು. ಸರಿಯಾದ 30ಸಿ ಬ್ಯಾಟರಿ ಇದ್ದಿದ್ದರೆ ವೋಲ್ಟ್ ಇಷ್ಟು ಕುಸಿಯುತ್ತಿರಲಿಲ್ಲ, ಕರೆಂಟ್ ಇನ್ನೂ ಜಾಸ್ತಿ ಹೋಗುತ್ತಿತ್ತು, ಇಎಸ್‌ಸಿ ಇನ್ನೂ ಬೇಗ ಸುಡುತ್ತಿತ್ತು.

ಕೆವಿ ಅಂದರೆ ಪವರ್ ಅಲ್ಲ, ದಯವಿಟ್ಟು ಇದೊಂದನ್ನು ಗಟ್ಟಿ ಮಾಡಿಕೊಳ್ಳಿ. ಪ್ರಾಪ್ ಇಲ್ಲದೆ ಖಾಲಿ ತಿರುಗುವಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ ಅಷ್ಟೇ. 11.1 ವೋಲ್ಟ್‌ಗೆ 1000 ಕೆವಿ ಮೋಟಾರ್ 11,100 ಸುತ್ತಿನ ಕಡೆಗೆ ಓಡುತ್ತದೆ, 2200 ಕೆವಿಯದು 24,420ರ ಕಡೆಗೆ. ಜಾಸ್ತಿ ಕೆವಿ ಮೋಟಾರ್‌ಗೆ ಸಣ್ಣ ಪ್ರಾಪ್ ಬೇಕು, ಕಡಿಮೆ ಕೆವಿಗೆ ದೊಡ್ಡದು ನಡೆಯುತ್ತದೆ. ಜಾಸ್ತಿ ಕೆವಿಗೆ ದೊಡ್ಡ ಪ್ರಾಪ್ ಹಾಕುವುದು ಲೋಡ್ ಲಾರಿಯನ್ನು ಟಾಪ್ ಗೇರ್‌ನಲ್ಲೇ ಘಾಟಿ ಹತ್ತಿಸಿದ ಹಾಗೆ. ಪ್ರಾಪ್ ವ್ಯಾಸ ಎಷ್ಟು ದುಬಾರಿ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಒಂದೇ ವೇಗದಲ್ಲಿ ತಿರುಗಿಸುತ್ತೇವೆ ಅಂದುಕೊಳ್ಳಿ, ಪಿಚ್ ಕೂಡ ಅದೇ ಇರಲಿ, ಬೇಕಾಗುವ ಪವರ್ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ. 6 ಇಂಚಿನಿಂದ 8 ಇಂಚಿಗೆ ಹೋದರೆ ಮೂರು ಪಟ್ಟಿಗಿಂತ ಜಾಸ್ತಿ. ನೋಡಲು ಎರಡೇ ಇಂಚು.

ಆ ಮೋಟಾರ್‌ಗೆ 357 ವಾಟ್ ತಡೆಯುವ ಶಕ್ತಿ ಇತ್ತಾ? ಅದನ್ನು ಅಡುಗೆಮನೆ ತಕ್ಕಡಿಯಲ್ಲೇ ನೋಡಬಹುದು. ಸಾಮಾನ್ಯ ದರ್ಜೆಯ ಮೋಟಾರ್ ಒಂದು ಗ್ರಾಂ ತೂಕಕ್ಕೆ ಸುಮಾರು 3 ವಾಟ್ ತಡೆಯುತ್ತದೆ ಅಂತ ಹಾರಿಸುವವರು ಲೆಕ್ಕ ಇಡುತ್ತಾರೆ. ನಮ್ಮದು 50 ಗ್ರಾಂ ಆಸುಪಾಸು. ಅಂದರೆ ನಿರಂತರವಾಗಿ 150 ವಾಟ್, ಸ್ವಲ್ಪ ಹೊತ್ತಿಗೆ ಅದಕ್ಕಿಂತ ಒಂದಿಷ್ಟು ಜಾಸ್ತಿ. ಇದು ಕಲ್ಲಿನ ಮೇಲೆ ಬರೆದ ನಿಯಮ ಅಲ್ಲ, ಆದರೆ ಎರಡು ಪಟ್ಟಿಗಿಂತ ಜಾಸ್ತಿ ತಳ್ಳುವ ಸೆಟ್ ಕೊಟ್ಟರೆ ಕೂಡಲೇ ಗೊತ್ತಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಬಿಇಸಿ ವಿಷಯ. ವಿಮಾನ ಕಳೆದದ್ದು ಮೋಟಾರ್ ನಿಂತಿದ್ದಕ್ಕಲ್ಲ, ಕಂಟ್ರೋಲ್ ಹೋಗಿದ್ದಕ್ಕೆ. ಇಎಸ್‌ಸಿಯೊಳಗೆ ಒಂದು ಸಣ್ಣ ಭಾಗ ಇರುತ್ತದೆ, ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟ್‌ಗೆ ಇಳಿಸಿ ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್‌ಗೂ ಸರ್ವೊಗಳಿಗೂ ಕೊಡುತ್ತದೆ. ಅದೇ ಬಿಇಸಿ. ಕಡಿಮೆ ಬೆಲೆಯ ಇಎಸ್‌ಸಿಗಳಲ್ಲಿ ಅದು ಸಾಮಾನ್ಯವಾಗಿ ಲೀನಿಯರ್ ತರಹದ್ದು, ಹೆಚ್ಚಿನ ವೋಲ್ಟೇಜನ್ನೆಲ್ಲ ಶಾಖ ಮಾಡಿ ಬಿಸಾಕುತ್ತದೆ. 3ಎಸ್‌ನಲ್ಲಿ 11.1ರಿಂದ 5 ಕಳೆದರೆ 6.1 ವೋಲ್ಟ್. ಸರ್ವೊಗಳು ಒಟ್ಟಿಗೆ ಆಡುವಾಗ 1 ಆಂಪ್ ಎಳೆದರೂ 6 ವಾಟ್ ಶಾಖ, ಅದೂ ಹೆಬ್ಬೆರಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ. ಪಕ್ಕದಲ್ಲೇ ಮೋಟಾರ್ ಕರೆಂಟ್ ಹಾಯಿಸುವ ಭಾಗ ಮಿತಿ ಮೀರಿ ಕಾಯುತ್ತಿದೆ. 4ಎಸ್ ಆದರೆ ಬಿಇಸಿಯ ಶಾಖವೇ 10 ವಾಟ್ ಹತ್ತಿರ. ಬಿಇಸಿ ಸತ್ತರೆ ರಿಸೀವರ್‌ಗೇ ಕರೆಂಟ್ ಇಲ್ಲ, ಆಗ ಸಿಗ್ನಲ್ ತಪ್ಪಿದರೆ ಕಾಪಾಡುವ ಫೇಲ್‌ಸೇಫ್ ಕೂಡ ನೆರವಿಗೆ ಬರುವುದಿಲ್ಲ. ನಮ್ಮ ಇಎಸ್‌ಸಿಯ ಹೊದಿಕೆ ಬಿಚ್ಚಿ ನೋಡಿದರೆ ಎರಡು ಲೀನಿಯರ್ ರೆಗ್ಯುಲೇಟರ್ ಇದ್ದವು, ಸುತ್ತಲಿನ ಬೋರ್ಡ್ ಕಪ್ಪಾಗಿತ್ತು.

ಅದಕ್ಕೇ ಹೇಳುತ್ತೇನೆ, ನಾಲ್ಕು ಸರ್ವೊ ಇರುವ ವಿಮಾನಕ್ಕೆ ಕಡಿಮೆ ಕಾಯುವ ಸ್ವಿಚಿಂಗ್ ತರಹದ ಬಿಇಸಿ ಇರುವ ಇಎಸ್‌ಸಿಯನ್ನೇ ಕೇಳಿ ತಗೊಳ್ಳಿ. ಸಿಗಲಿಲ್ಲ ಅಂದರೆ 5 ವೋಲ್ಟ್ 3 ಆಂಪ್‌ನ ಯುಬಿಇಸಿ, ಅಂದರೆ ಇಎಸ್‌ಸಿಯಿಂದ ಹೊರಗಿರುವ ಪ್ರತ್ಯೇಕ ಬಿಇಸಿ ಹಾಕಿ, ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ಮೂರು ತಂತಿಯಲ್ಲಿ ನಡುವಿನ ಕೆಂಪು ತಂತಿಯನ್ನು ಬಿಚ್ಚಿ ಟೇಪ್ ಸುತ್ತಿ. ಆಗ ಇಎಸ್‌ಸಿ ಸುಟ್ಟರೂ ಕಂಟ್ರೋಲ್ ಉಳಿಯುವ ಸಾಧ್ಯತೆ ಜಾಸ್ತಿ, ವಿಮಾನವನ್ನು ಇಳಿಸಬಹುದು.

ಬ್ಯಾಟರಿಯ ಮೇಲಿನ ಅಂಕಿಯನ್ನೂ ಸುಮ್ನೆ ನಂಬಬೇಡಿ. 2200 ಎಂಎಎಚ್, 30ಸಿ ಅಂದರೆ 2.2 ಗುಣಿಸು 30, ಅಂದರೆ 66 ಆಂಪ್ ಕೊಡಬೇಕು. ನಮ್ಮದು 38ಕ್ಕೇ ಕುಸಿಯಿತು. ಒಳ್ಳೆಯ ಚಾರ್ಜರ್‌ನಲ್ಲಿ ಪ್ರತಿ ಸೆಲ್‌ನ ಒಳರೋಧ ತೋರಿಸುತ್ತದೆ. ಈ ಅಳತೆಯ ಹೊಸ, ಒಳ್ಳೆಯ ಬ್ಯಾಟರಿಯಲ್ಲಿ ಅದು ಸಾಮಾನ್ಯವಾಗಿ 10 ಮಿಲಿಓಮ್‌ಗಿಂತ ಕೆಳಗೆ ಇರುತ್ತದೆ, ನಮ್ಮದರಲ್ಲಿ 25 ದಾಟಿತ್ತು. ತೂಕ ಕೂಡ ಕಡಿಮೆ, 140 ಗ್ರಾಂ. ಸಾಮಾನ್ಯವಾಗಿ ಇಷ್ಟು ಸಾಮರ್ಥ್ಯದ ಬ್ಯಾಟರಿ 170ರಿಂದ 190 ಗ್ರಾಂ ತೂಗುತ್ತದೆ.

ಹಿಂದೆ ಇಂಧನದಲ್ಲಿ ಓಡುವ ಗ್ಲೋ ಎಂಜಿನ್ ಕಾಲದಲ್ಲಿ ಈ ಗೊಂದಲ ಇಷ್ಟು ಇರಲಿಲ್ಲ ಅಂತ ಆ ಹಿರಿಯರು ಹೇಳುತ್ತಿದ್ದರು. ಕಿಟ್ ಡಬ್ಬಿಯ ಮೇಲೆಯೇ ‘40 ಸೈಜ್’ ಅಂತ ಇರುತ್ತಿತ್ತು, 0.40 ಕ್ಯುಬಿಕ್ ಇಂಚು ಅಂದರೆ ಸುಮಾರು 6.5 ಸಿಸಿ ಎಂಜಿನ್ ತಂದು ಹಾಕಿದರೆ ಮುಗಿಯಿತು. ಈಗ ನಾಲ್ಕು ಸಾಮಾನು ಒಂದಕ್ಕೊಂದು ಹೊಂದಬೇಕು, ಆ ಹೊಂದಿಕೆಯ ಹೆಸರಲ್ಲೇ ದುಡ್ಡು ಮಾಡುವವರು ಇದ್ದಾರೆ.

ಲೆಕ್ಕ ಶುರು ಆಗಬೇಕಾದ್ದು ತೂಕದಿಂದ. ನಿಧಾನ ಹಾರುವ ಟ್ರೇನರ್‌ಗೆ ಒಂದು ಕೆಜಿಗೆ 150ರಿಂದ 200 ವಾಟ್ ಸಾಕು, ಲೂಪ್ ಗೀಪ್ ಹೊಡೆಯುವ ಸ್ಪೋರ್ಟ್ ವಿಮಾನಕ್ಕೆ 220ರ ಮೇಲೆ, ಪ್ರಾಪ್ ಮೇಲೆ ನೇತಾಡುವ 3ಡಿ ವಿಮಾನಕ್ಕೆ 330ಕ್ಕಿಂತ ಜಾಸ್ತಿ. ನಮ್ಮ 1250 ಗ್ರಾಂಗೆ ಅಂದರೆ 190ರಿಂದ 250 ವಾಟ್. ಲೋಡ್ ಬಿದ್ದಾಗ 3ಎಸ್ 11 ವೋಲ್ಟ್ ಹತ್ತಿರ ಇರುತ್ತದೆ ಅಂದುಕೊಂಡರೆ 17ರಿಂದ 23 ಆಂಪ್. ಆಮೇಲೆ ಅಷ್ಟು ವಾಟ್ ತಿನ್ನುವ ದೊಡ್ಡ, ನಿಧಾನದ ಪ್ರಾಪ್ ಯಾವುದು, ನೆಲದಿಂದ ಎತ್ತರ ಸಾಕಾ ಅಂತ ನೋಡಿ, ಅದನ್ನು ತಿರುಗಿಸುವ ಕೆವಿ, ಅದರ ಕರೆಂಟ್‌ಗಿಂತ ಕಾಲು ಭಾಗವಾದರೂ ಜಾಸ್ತಿ ತಡೆಯುವ ಇಎಸ್‌ಸಿ. ಮೋಟಾರ್ ಬರುವುದು ಕೊನೆಯಲ್ಲಿ. ಮಾರುವವರು ಅದನ್ನೇ ಮೊದಲು ತೋರಿಸುತ್ತಾರೆ.

ಹೊಸದಾಗಿ ಕಟ್ಟಿದ ವಿಮಾನಕ್ಕೆ 2814 ಅಳತೆಯ 1000 ಕೆವಿ ಮೋಟಾರ್, 10×5 ಪ್ರಾಪ್, ಸ್ವಿಚಿಂಗ್ ಬಿಇಸಿ ಇರುವ 40 ಆಂಪ್ ಇಎಸ್‌ಸಿ ಹಾಕಿದ್ದೇವೆ. ಅಳೆದಾಗ 24 ಆಂಪ್, 10.9 ವೋಲ್ಟ್, ಅಂದರೆ ಸುಮಾರು 260 ವಾಟ್. ಸುತ್ತು ನಿಮಿಷಕ್ಕೆ 9000 ಆಸುಪಾಸು. ಸುತ್ತನ್ನು ಇಂಚಿನ ಪಿಚ್‌ನಿಂದ ಗುಣಿಸಿ, ಬಂದದ್ದನ್ನು 0.0015ರಿಂದ ಗುಣಿಸಿದರೆ ಪ್ರಾಪ್ ಎಳೆಯಬಲ್ಲ ವೇಗ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಅಂದಾಜು ಸಿಗುತ್ತದೆ, ಇಲ್ಲಿ 68ರ ಹತ್ತಿರ. ಟ್ರೇನರ್‌ಗೆ ಧಾರಾಳ. 10 ಇಂಚಿನದು ಹಾಕುವವರು ಅದು ನಿಧಾನ ಹಾರುವ ಹಗುರ ವಿಮಾನಕ್ಕೆ ಮಾಡಿದ ಸ್ಲೋ ಫ್ಲೈಯರ್ ಪ್ರಾಪ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ಪ್ರಾಪ್ ತಯಾರಿಸುವ ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈಯರ್ ಪ್ರಾಪ್‌ಗಳಿಗೆ ಕೊಟ್ಟಿರುವ ಮಿತಿ 65,000ವನ್ನು ವ್ಯಾಸದಿಂದ ಭಾಗಿಸಿದಷ್ಟು, ಅಂದರೆ 10 ಇಂಚಿಗೆ 6500 ಸುತ್ತು. ಅಂಥದ್ದನ್ನು 9000ಕ್ಕೆ ತಿರುಗಿಸಿದರೆ ಅಲಗು ಮುರಿದು ಹಾರಬಹುದು, ಪ್ರಾಪ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: "ಈ ಮೋಟಾರ್, ಈ ಪ್ರಾಪ್, ಈ ಬ್ಯಾಟರಿಗೆ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಆಂಪ್? ಅಳೆದ ಪಟ್ಟಿ ಇದೆಯಾ?" ಥ್ರಸ್ಟ್ ಎಷ್ಟು ಅಂತ ಕೇಳಿದರೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ, ಆಂಪ್ ಕೇಳಿದರೆ ತಿಳಿದವರು ಯಾರು ಅಂತ ಗೊತ್ತಾಗುತ್ತದೆ. ಕೊಂಡ ಮೇಲೂ ಒಂದು ವಾಟ್ ಮೀಟರ್ ತಗೊಂಡು ಅಳೆಯದೆ ಹಾರಿಸಬೇಡಿ. ಕಾಲೇಜಿನಲ್ಲಿ ತಂಡ ಕಟ್ಟಿಕೊಂಡು ಮಾಡುತ್ತಿದ್ದರೆ ಎಲ್ಲರೂ ಸೇರಿ ಒಂದು ಕೊಂಡರೆ ಸಾಕು. ಅಳೆಯುವಾಗ ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಪ್ರಾಪ್‌ನ ಹಿಂದೆ ನಿಲ್ಲಿ, ಐದಾರು ಸೆಕೆಂಡ್ ಫುಲ್ ಕೊಟ್ಟು ಇಳಿಸಿ. ರೇಡಿಯೊ ಸೆಟ್ಟಿಂಗ್ ಮಾಡುವಾಗ ಮಾತ್ರ ಪ್ರಾಪ್ ಕಳಚಿ ಇಟ್ಟಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಆ 2200 ಕೆವಿ ಮೋಟಾರ್ ಕೆಟ್ಟದ್ದೇನಲ್ಲ. 6 ಇಂಚಿನ ಪ್ರಾಪ್ ಹಾಕಿ, ಒಳ್ಳೆಯ ಬ್ಯಾಟರಿ ಕೊಟ್ಟು, ಅರ್ಧ ಕೆಜಿಗಿಂತ ಹಗುರವಾದ ಸಣ್ಣ ಫ್ಲೈಯಿಂಗ್ ವಿಂಗ್‌ಗೆ (ಬಾಲ ಇಲ್ಲದ, ರೆಕ್ಕೆಯೇ ಮೈಯಾದ ವಿಮಾನ) ಕೂರಿಸಿದ್ದೇವೆ. ಅಲ್ಲಿ ಬೇರೆ 30 ಆಂಪ್ ಇಎಸ್‌ಸಿ ಬರಿ ಬೆಚ್ಚಗಾಗುತ್ತದೆ, ಸರ್ವೊ ಎರಡೇ ಇರುವುದರಿಂದ ಬಿಇಸಿಗೂ ಭಾರ ಇಲ್ಲ.