ಹಳೇ ಟಿವಿ ಬಾಕ್ಸ್‌ಗೆ ಕೋರ್‌ಎಲೆಕ್: ಮೂರು ವರ್ಷ ಬಳಸಿದ ಮೇಲೆ

ಕೊಂಡ ಎರಡನೇ ವರ್ಷಕ್ಕೇ ನನ್ನ ಟಿವಿ ಬಾಕ್ಸ್ ತೆವಳಲು ಶುರು ಮಾಡಿತ್ತು. ತಯಾರಕರು ಒಂದೇ ಒಂದು ಅಪ್‌ಡೇಟ್ ಕೊಟ್ಟು ಕೈತೊಳೆದುಕೊಂಡಿದ್ದರು. ಮೆನು ತೆರೆದುಕೊಳ್ಳುವಷ್ಟರಲ್ಲಿ ನೋಡುವ ಮನಸ್ಸೇ ಹೋಗುತ್ತಿತ್ತು. ಆದರೆ ಒಳಗಿನ ಸಾಮಾನು ಚೆನ್ನಾಗಿಯೇ ಇತ್ತು: ಆಮ್ಲಾಜಿಕ್ ಎಸ್905ಎಕ್ಸ್3 ಚಿಪ್, 4 ಜಿಬಿ ರ‍್ಯಾಮ್. ಎಸೆಯಲು ಮನಸ್ಸಾಗಲಿಲ್ಲ. ಕೋರ್‌ಎಲೆಕ್ ಹಾಕಿದೆ. ಅದಾಗಿ ಈಗ ಮೂರು ವರ್ಷ.

ಕೋರ್‌ಎಲೆಕ್ ಅಂದರೆ ಆಮ್ಲಾಜಿಕ್ ಚಿಪ್‌ಗಳಿಗೆಂದೇ ಇರುವ ಪುಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. 2018ರಲ್ಲಿ ಲಿಬ್ರೆಎಲೆಕ್ ಅನ್ನುವ ಇಂಥದ್ದೇ ಇನ್ನೊಂದರಿಂದ ಬೇರೆಯಾಗಿ ಬಂದದ್ದು. ಸಿನಿಮಾ, ಹಾಡುಗಳನ್ನು ಹಾಕಿ ನೋಡುವ ಕೋಡಿ ಅನ್ನುವ ಆ್ಯಪ್ ಓಡಿಸುವುದೇ ಅದರ ಮುಖ್ಯ ಕೆಲಸ. ಕೋಡಿ ಕೂಡ ಮೊದಲು ಹುಟ್ಟಿದ್ದು ಎಕ್ಸ್‌ಬಾಕ್ಸ್ ಗೇಮ್ ಯಂತ್ರವನ್ನು ಬಿಚ್ಚಿ ಕೆದಕಿದವರ ಕೈಯಲ್ಲೇ. ಈ ಚಟ ಹೊಸದೇನಲ್ಲ ಅಲ್ವಾ?

ನನಗೆ ಧೈರ್ಯ ಬಂದದ್ದು ಒಂದೇ ಕಾರಣಕ್ಕೆ: ಇದು ಎಸ್‌ಡಿ ಕಾರ್ಡ್‌ನಿಂದಲೇ ಓಡುತ್ತದೆ, ಒಳಗಿನ ಆಂಡ್ರಾಯ್ಡ್ ಇದ್ದ ಹಾಗೇ ಇರುತ್ತದೆ. ಕಾರ್ಡ್ ತೆಗೆದರೆ ಬಾಕ್ಸ್ ಮೊದಲಿನಂತೆ. ಕಾರ್ಡ್‌ಗೆ ಕೋರ್‌ಎಲೆಕ್‌ನ ಇಮೇಜ್ ಫೈಲ್ ಬರೆದು, ನಮ್ಮ ಬಾಕ್ಸ್‌ಗೆ ಹೊಂದುವ ಡಿವೈಸ್ ಟ್ರೀ ಫೈಲನ್ನು (ಬಾಕ್ಸ್‌ನೊಳಗೆ ಏನೇನು ಹಾರ್ಡ್‌ವೇರ್ ಇದೆ ಅಂತ ಹೇಳುವ ಫೈಲ್) ಕಾರ್ಡ್‌ನ ಎಲ್ಲಕ್ಕಿಂತ ಹೊರಗಿನ ಫೋಲ್ಡರ್‌ಗೆ ತಂದು dtb.img ಅಂತ ಹೆಸರಿಡಬೇಕು. ಆಮೇಲೆ ಎವಿ ತೂತಿನೊಳಗೆ ಅಡಗಿರುವ ರಿಸೆಟ್ ಗುಂಡಿಯನ್ನು ಹಲ್ಲುಕಡ್ಡಿಯಿಂದ ಒತ್ತಿ ಹಿಡಿದು ಪವರ್ ಕೊಡಬೇಕು. ನಾನು ಗಿಗಾಬಿಟ್ ಪೋರ್ಟ್ ಇರುವ ಬಾಕ್ಸ್‌ನ ಫೈಲ್ ಹಾಕಿಬಿಟ್ಟಿದ್ದೆ. ನನ್ನದು 100 ಮೆಗಾಬಿಟ್. ಎಲ್ಲವೂ ಓಡಿತು, ನೆಟ್‌ವರ್ಕ್ ಕೇಬಲ್ ಮಾತ್ರ ಸತ್ತಂತಿತ್ತು. ಒಂದು ಸಂಜೆಯೆಲ್ಲ ರೌಟರನ್ನು ಬೈದದ್ದೇ ಬಂತು.

ಬಂದ ಲಾಭದಲ್ಲಿ ದೊಡ್ಡದು ಚಿತ್ರದ ಓಟ. ಸಿನಿಮಾ ಸೆಕೆಂಡಿಗೆ 24 ಫ್ರೇಮು, ಟಿವಿಗೆ ಬಾಕ್ಸ್ ಕಳಿಸುತ್ತಿದ್ದದ್ದು 60. ಹಾಗಾಗಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ತೋರಬೇಕು. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಕಾಣುವ ಆ ಸಣ್ಣ ಕುಲುಕಾಟ ಇದರಿಂದಲೇ. ಕೋಡಿಯಲ್ಲಿ ರಿಫ್ರೆಶ್ ರೇಟ್ ತಾನೇ ಹೊಂದಿಸಿಕೊಳ್ಳುವ ಆಯ್ಕೆ ಇದೆ. ಅದನ್ನು ಆನ್ ಮಾಡಿದ ದಿನ ನೋಡಿದ್ದ ಸಿನಿಮಾವನ್ನೇ ಮತ್ತೆ ಹಾಕಿಕೊಂಡು ಕೂತೆ. ಮನೆಯವರಿಗೆ ವ್ಯತ್ಯಾಸ ಕಾಣಲಿಲ್ಲ. ಟಿವಿ ರಿಮೋಟಿನಲ್ಲೇ ಎಲ್ಲ ನಡೆಯುತ್ತದೆ ಅನ್ನುವುದಷ್ಟೇ ಅವರಿಗೆ ಖುಷಿ. ಅದು ಟಿವಿ ರಿಮೋಟಿನ ಆದೇಶವನ್ನು ಕೇಬಲ್ ಮೂಲಕ ಬಾಕ್ಸ್‌ಗೆ ದಾಟಿಸುವ ಎಚ್‌ಡಿಎಂಐ ಸಿಇಸಿ ಕೆಲಸ.

ಎರಡನೆಯದು ನೆಟ್‌ವರ್ಕ್. 4ಕೆ ಬ್ಲೂ-ರೇಯ ವೇಗ ಸೆಕೆಂಡಿಗೆ 128 ಮೆಗಾಬಿಟ್‌ವರೆಗೂ ಏರಬಹುದು. 100ರ ಪೋರ್ಟ್‌ಗೆ ಅದು ಹೇಗೆ ತೂರಬೇಕು? ನನ್ನ ಡಿಸ್ಕ್‌ಗಳಿಂದ ತೆಗೆದ ಫೈಲ್‌ಗಳು ಗದ್ದಲದ ದೃಶ್ಯಗಳಲ್ಲೇ ಸರಿಯಾಗಿ ನಿಂತುಬಿಡುತ್ತಿದ್ದವು. ಯುಎಸ್‌ಬಿ 3 ಕಿಂಡಿಗೆ ಗಿಗಾಬಿಟ್ ಅಡಾಪ್ಟರ್ ಸಿಕ್ಕಿಸಿದೆ, ಮುಗಿಯಿತು.

ಕನ್ನಡ ಸಬ್‌ಟೈಟಲ್ ಮೊದಲು ಬರೀ ಚೌಕಗಳಾಗಿ ಕಂಡಿತು. ಕೋಡಿಯ ಮೀಡಿಯಾ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿಗೆ ಒಂದು ಕನ್ನಡ ಫಾಂಟ್ ಹಾಕಿ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿದ ಮೇಲೆ ಒತ್ತಕ್ಷರಗಳೂ ಸರಿಯಾದವು. ಸಬ್‌ಟೈಟಲ್ ಫೈಲ್ ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿರಲಿ.

ಉಳಿದ ಆಟಗಳಲ್ಲಿ ಹೆಚ್ಚಿನವನ್ನು ಆಮೇಲೆ ನಾನೇ ಕಿತ್ತುಹಾಕಿದೆ. ಬೇರೆ ಸಾಫ್ಟ್‌ವೇರ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಡಾಕರ್ ಹಾಕಿ, ಅದರಲ್ಲಿ ಮನೆಯ ಬೇರೆ ಸಾಧನಗಳಿಗೂ ಸಿನಿಮಾ ಕಳಿಸುವ ಜೆಲ್ಲಿಫಿನ್ ಸರ್ವರ್ ಓಡಿಸಿದೆ. ಬಾಕ್ಸ್ ಬಿಸಿಯಾಗಿ ಸಿನಿಮಾನೇ ತಡವರಿಸಿತು. ಅದಕ್ಕೆ ಫ್ಯಾನ್ ಇಟ್ಟೆ, ಅದರ ಗುಂಯ್ ಸದ್ದು ತಡೆಯಲಾಗಲಿಲ್ಲ. ಕೊನೆಗೆ ಸರ್ವರ್ ತೆಗೆದು, ಚಿಪ್ ಮೇಲೆ ಬಿಸಿ ಹೀರುವ ದಪ್ಪನೆಯ ಲೋಹದ ಹೀಟ್‌ಸಿಂಕ್ ಅಂಟಿಸಿ ಸುಮ್ನಾದೆ. ಬೇಕಾದ್ದೂ ಅಷ್ಟೇ ಇತ್ತು. ಹತ್ತಾರು ಆಡ್‌ಆನ್‌ಗಳಲ್ಲಿ ಈಗ ನಾಲ್ಕು ಉಳಿದಿವೆ.

ಒಮ್ಮೆ ಲೈಬ್ರರಿ ಅಪ್‌ಡೇಟ್ ಆಗುತ್ತಿದ್ದಾಗಲೇ ಕರೆಂಟ್ ಹೋಗಿ ಕಾರ್ಡ್ ಕೆಟ್ಟಿತು. ಯಾವುದನ್ನು ಎಲ್ಲಿಯವರೆಗೆ ನೋಡಿದ್ದೆವು ಅನ್ನುವ ಲೆಕ್ಕವೆಲ್ಲ ಹೋಯಿತು. ಅದಕ್ಕೆ ಜಾಸ್ತಿ ಬೇಜಾರು ಮಾಡಿಕೊಂಡಿದ್ದು ನಾನಲ್ಲ, ಅರ್ಧ ಧಾರಾವಾಹಿಯಲ್ಲಿ ನಿಂತಿದ್ದವರು. ಈಗ ತಿಂಗಳಿಗೊಮ್ಮೆ ಕೋರ್‌ಎಲೆಕ್‌ನದೇ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ.

ಹಣ ಕಟ್ಟಿ ನೋಡುವ ಸ್ಟ್ರೀಮಿಂಗ್ ಸೇವೆಗಳೇ ನಿಮಗೆ ಮುಖ್ಯವಾದರೆ ಇದಕ್ಕೆ ಕೈ ಹಾಕಬೇಡಿ. ಇಲ್ಲಿ ಸಿಗುವುದು ವೈಡ್‌ವೈನ್‌ನ (ಈ ಸೇವೆಗಳು ಬಳಸುವ ನಕಲು-ತಡೆ ವ್ಯವಸ್ಥೆ) ಎಲ್3 ಹಂತ, ಅಂದರೆ ಕೆಳಗಿನ ಹಂತ. ಎಚ್‌ಡಿ ಕೊಡಲು ಎಲ್1 ಕೇಳುವ ಸೇವೆಗಳು ಇದರಲ್ಲಿ ಮಸುಕಾಗಿಯೇ ಕಾಣುತ್ತವೆ. ಅಂಥದ್ದು ಬೇಕಾದಾಗ ನಾನು ಕಾರ್ಡ್ ತೆಗೆದು ಆಂಡ್ರಾಯ್ಡ್‌ಗೆ ಹೋಗುತ್ತೇನೆ. ಗೊಣಗುತ್ತಲೇ.

ಈ ಚಿಪ್‌ನಲ್ಲಿ ಎವಿ1 ಅನ್ನುವ ಹೊಸ ವಿಡಿಯೊ ರೂಪವನ್ನು ಬಿಡಿಸುವ ಹಾರ್ಡ್‌ವೇರ್ ಇಲ್ಲ. ಸಾಫ್ಟ್‌ವೇರ್ ಎಷ್ಟು ಬದಲಿಸಿದರೂ ಅದು ಬರುವುದಿಲ್ಲ. ನನ್ನ ಹತ್ತಿರ ಅಂಥ ಫೈಲ್‌ಗಳು ಇನ್ನೂ ಕಮ್ಮಿ. ಜಾಸ್ತಿಯಾದ ದಿನ ಎಸ್905ಎಕ್ಸ್4 ಇರುವ ಬಾಕ್ಸ್ ಹುಡುಕುತ್ತೇನೆ, ಈ ಸಲ ಗಿಗಾಬಿಟ್ ಪೋರ್ಟ್ ಇದೆಯಾ ಅಂತ ಮೊದಲೇ ನೋಡಿಕೊಂಡು.