ಡೀಸೆಲ್ ಸ್ವಿಫ್ಟ್ ಆನ್‌ಲೈನ್‌ನಲ್ಲಿ ಮಾರಿದ್ದು: ರೊಕ್ಕ ಬೇಗ ಬಂತು, ಆರ್‌ಸಿ ಬೇಗ ಹೋಗಲಿಲ್ಲ

ನಮ್ಮ 2014ರ ಸ್ವಿಫ್ಟ್ ವಿಡಿಐ ಮಾರಿ ವರ್ಷ ದಾಟಿತು. ಮಾರಿದ ವಾರವೇ ಬರೆದಿದ್ದರೆ ಕಾರು ಕೊಳ್ಳುವ ಆ ಆ್ಯಪ್‌ಗೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು.

ಮಹಾರಾಷ್ಟ್ರದ ಪುಣೆ ಪಕ್ಕದ ಪಿಂಪ್ರಿ-ಚಿಂಚವಡದಲ್ಲಿ ಇರುವ ನಮಗೆ ಈ ಗಾಡಿ ಇದ್ದದ್ದೇ ಧಾರವಾಡಕ್ಕೆ ಹೋಗಿ ಬರಲು. ಐದು ಮಂದಿ, ಡಿಕ್ಕಿ ತುಂಬ ಸಾಮಾನು ಇದ್ದರೂ ಖಂಬಾಟಕಿ ಘಾಟಿನಲ್ಲಿ ಆ 1248 ಸಿಸಿ ಎಂಜಿನ್ ಎಂದೂ ಏದುಸಿರು ಬಿಟ್ಟಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಹೆದ್ದಾರಿಯಲ್ಲೇ ಓಡಾಡುವವರು ಇಂಥ ಗಾಡಿಗಳನ್ನು ಇಂದಿಗೂ ಹುಡುಕುತ್ತಾರೆ.

ಮೊದಲು ಕೇಳಿದ್ದು ಬೆಳಗಾವಿಯ ಸೋದರಮಾವ. ನಮ್ಮದು ಮಹಾರಾಷ್ಟ್ರ ನೋಂದಣಿ, ಹಾಗಾಗಿ ಇಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಎಲ್ಲ ಕೂಡಿಸಿ ನೋಡಿ, "ಬ್ಯಾಡೋ ತಮ್ಮಾ, ಅಷ್ಟ್ ರೊಕ್ಕದಾಗ ಇಲ್ಲೇ ಕೆಎ ಪಾಸಿಂಗ್ ಗಾಡಿ ಸಿಗ್ತದ" ಅಂದರು. ಅವರ ಲೆಕ್ಕ ಸರಿ ಇತ್ತು. ಆಮೇಲೆ ಜಾಹೀರಾತು ಹಾಕಿದೆ. ಗಾಡಿ ನೋಡದೆಯೇ ಅಡ್ವಾನ್ಸ್ ಕೊಡುತ್ತೇನೆಂದು ಕ್ಯೂಆರ್ ಕೋಡ್ ಕಳಿಸುವವರು ಸಾಲುಗಟ್ಟಿದರು. ದುಡ್ಡು ತಗೊಳ್ಳುವವರು ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಮನೆಯ ಹಿರಿಯರಿಗೆ ಇದನ್ನು ದಯವಿಟ್ಟು ಹೇಳಿಡಿ.

ಕೊನೆಗೆ ಆ್ಯಪ್. ತಪಾಸಣೆಗೆ ಬಂದ ಹುಡುಗ ಕೆಲಸ ಬಲ್ಲವನು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಇದ್ದಾಗಲೇ ಆಯಿಲ್ ಮುಚ್ಚಳ ತೆಗೆದು ಹೊಗೆ ಉಗುಳುತ್ತದೆಯೇ, ಅಂದರೆ ಎಂಜಿನ್ ಒಳಗೆ ಸವೆದಿದೆಯೇ ನೋಡಿದ. ಪ್ರತಿ ಬಾಗಿಲಿಗೂ ಮೀಟರ್ ಹಿಡಿದು ಪೇಂಟಿನ ದಪ್ಪ ಅಳೆದ. ಎಡಗಡೆ ಹಿಂದಿನ ಬಾಗಿಲಿಗೆ ಮತ್ತೆ ಬಣ್ಣ ಹೊಡೆದದ್ದು ತಕ್ಷಣ ಸಿಕ್ಕಿತು. ಬೆಲೆ ಹೇಳುವಾಗ ಮಾತ್ರ ಆ್ಯಪ್‌ನಿಂದ ಫೋನ್ ಮಾಡಿದವರು "ಡೀಸೆಲ್, ಹತ್ತು ವರ್ಷ ಆಯ್ತಲ್ಲ" ಎಂದು ಇಳಿಸಲು ನೋಡಿದರು. ಆ ಹತ್ತು ವರ್ಷದ ಲೆಕ್ಕ ದೆಹಲಿ ಸುತ್ತಮುತ್ತಲಿನದು. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಹಾಗೆಂದು ಪಟ್ಟು ಹಿಡಿದೆ, ಸ್ವಲ್ಪ ಏರಿಸಿದರು. ಗಾಡಿ ಒಯ್ಯುವ ಮೊದಲೇ ಹಣ ಖಾತೆಗೆ ಬಂತು. ಇದಕ್ಕೆ ಪೂರ್ತಿ ಅಂಕ.

ತೊಂದರೆ ಶುರುವಾದದ್ದು ಆಮೇಲೆ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಹೋದವರು ಗಾಡಿಯನ್ನು ಇನ್ನೊಬ್ಬ ಡೀಲರ್‌ಗೆ ದಾಟಿಸಿದರು. ಆರ್‌ಸಿಯಲ್ಲಿ ತಿಂಗಳುಗಟ್ಟಲೆ ನನ್ನ ಹೆಸರೇ. ಯಾರೋ ಅತಿವೇಗದಲ್ಲಿ ಓಡಿಸಿದ ಇ-ಚಲನ್ ನನ್ನ ಮೊಬೈಲಿಗೆ ಬಂದಾಗ ನಿಜಕ್ಕೂ ಸಿಟ್ಟು ಬಂತು. ಚಲನ್ ಸಣ್ಣದು, ಅಪಘಾತವಾಗಿದ್ದರೆ? ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕಾಲ್ ಸೆಂಟರ್‌ನಲ್ಲಿ ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊದಲಿಂದ ಕಥೆ. ಗಾಡಿ ಒಪ್ಪಿಸಿದ ತಾರೀಖು, ಸಮಯ, ಕಿಲೋಮೀಟರ್ ಬರೆದ ರಸೀದಿ ನನ್ನ ಬಳಿ ಇದ್ದದ್ದರಿಂದಲೇ ಚಲನ್ ಆ್ಯಪ್‌ನವರು ಕಟ್ಟಿದರು. ಕೊನೆಗೂ ಹೆಸರು ಬದಲಾಯಿತು.

2023ರ ಏಪ್ರಿಲ್‌ನಿಂದ ಹೊಸ ನಿಯಮವಿದೆ: ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸಿ, ಒಪ್ಪಿಸಿದ್ದನ್ನು ತಿಳಿಸುವ ಫಾರ್ಮ್ 29ಸಿ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಅಲ್ಲಿಂದ ಮುಂದೆ ಹೊಣೆ ಡೀಲರ್‌ನದು. ಬೆಲೆ ಮಾತಾಡುವ ಮೊದಲೇ 29ಸಿ ಮಾಡುತ್ತೀರಾ ಎಂದು ಕೇಳಿ. ತಡವರಿಸಿದರೆ ಹತ್ತು ಸಾವಿರ ಕಡಿಮೆಯಾದರೂ ಮಾಡಿಕೊಡುವವರಿಗೇ ಕೊಡಿ.

ಫಾಸ್ಟ್ಯಾಗ್ ಅದೇ ದಿನ ಬಂದ್ ಮಾಡಿಸಿ. ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪತ್ರವನ್ನೂ ತಗೊಳ್ಳಿ. ಬೋನಸ್ ಗಾಡಿಯದಲ್ಲ, ನಿಮ್ಮದು. ಮೂರು ವರ್ಷದೊಳಗೆ ಬೇರೆ ಕಾರು ಕೊಂಡರೆ ಅಲ್ಲಿ ಬಳಸಬಹುದು.