ಕೆಟ್ಟ ನೆಟ್‌ವರ್ಕನ್ನು ಮೇಜಿನ ಮೇಲೆ ತಂದಿಡುವ ಸಾಧನ: ಆ್ಯಪಲ್‌ನ ನೆಟ್‌ವರ್ಕ್ ಲಿಂಕ್ ಕಂಡೀಷನರ್

ನೆಟ್ ಇಲ್ಲದಾಗ ನಿಮ್ಮ ಆ್ಯಪ್ ಹೇಗೆ ವರ್ತಿಸುತ್ತದೆ ಎಂದು ಕೇಳಿದರೆ, ಏರೋಪ್ಲೇನ್ ಮೋಡ್ ಹಾಕಿ ನೋಡಿದ್ದೇವೆ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ನಾನೂ ಕೆಲವು ವರ್ಷ ಅಷ್ಟಕ್ಕೇ ಸಮಾಧಾನಪಟ್ಟುಕೊಂಡಿದ್ದೆ. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳ ರೈಲುಹಾದಿಯಲ್ಲಿ ಫೋನ್ ಹಿಡಿದು ಕುಳಿತವರಿಗೆ ತಿಳಿದಿರುವಂತೆ, ನಿಜವಾದ ತೊಂದರೆ ಇರುವುದು ಸಿಗ್ನಲ್ ಕಡ್ಡಿಗಳು ಕಾಣುತ್ತಿದ್ದರೂ ಡೇಟಾ ಬಾರದಿರುವ ಸ್ಥಿತಿಯಲ್ಲಿ.

ಆ ಸ್ಥಿತಿಯನ್ನು ಕಚೇರಿಯಲ್ಲೇ ಸೃಷ್ಟಿಸಿಕೊಡುವ ಉಚಿತ ಸಾಧನ ಈ ನೆಟ್‌ವರ್ಕ್ ಲಿಂಕ್ ಕಂಡೀಷನರ್. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಡೆವಲಪರ್ ವಿಭಾಗದೊಳಗೆ ಸಿಗುತ್ತದೆ. ಮ್ಯಾಕ್‌ಗೆ ಬೇರೆಯಾಗಿ ಇಳಿಸಿಕೊಳ್ಳಬೇಕು.

ಇದರಲ್ಲಿರುವ '100% ಲಾಸ್' ಆಯ್ಕೆಯೇ ಏರೋಪ್ಲೇನ್ ಮೋಡ್‌ನ ಪರೀಕ್ಷೆ ಎಷ್ಟು ಅರೆಬರೆ ಎಂಬುದನ್ನು ತೋರಿಸಿಕೊಟ್ಟಿತು. ಏರೋಪ್ಲೇನ್ ಮೋಡ್‌ನಲ್ಲಿ ಸಂಪರ್ಕವಿಲ್ಲವೆಂದು ಐಓಎಸ್ ತಕ್ಷಣ ಹೇಳಿಬಿಡುವುದರಿಂದ ಆ್ಯಪ್ ಕೂಡಲೇ ಸಂದೇಶ ತೋರಿಸುತ್ತದೆ. ಇಲ್ಲಿ ಹಾಗಲ್ಲ: ವೈಫೈ ಸೇರಿಕೊಂಡೇ ಇರುತ್ತದೆ, ಕಳಿಸಿದ ಒಂದು ಪ್ಯಾಕೆಟ್ಟೂ (ಡೇಟಾದ ಚಿಕ್ಕ ತುಂಡು) ತಲುಪುವುದಿಲ್ಲ. ನಮ್ಮ ಆ್ಯಪಿನ ಮುಖಪುಟದಲ್ಲಿ ಚಕ್ರ ಪೂರ್ತಿ ಒಂದು ನಿಮಿಷ ತಿರುಗುತ್ತಲೇ ಇತ್ತು, ಏಕೆಂದರೆ ಐಓಎಸ್ ಆ್ಯಪುಗಳು ಸರ್ವರಿನೊಡನೆ ಮಾತಾಡಲು ಬಳಸುವ ಯುಆರ್‌ಎಲ್‌ಸೆಷನ್‌ನ ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಗರಿಷ್ಠ ಸಮಯ, ನಾವು ಬದಲಿಸದಿದ್ದರೆ 60 ಸೆಕೆಂಡ್.

ಅದಕ್ಕೆ ಮದ್ದೆಂದು ಟೈಮ್‌ಔಟನ್ನು 5 ಸೆಕೆಂಡಿಗೆ ಇಳಿಸಿದೆವು. ಆ ಮದ್ದಿನ ದೋಷವನ್ನು ಹಿಡಿದದ್ದೂ ಇದೇ ಸಾಧನ. 'ವೆರಿ ಬ್ಯಾಡ್ ನೆಟ್‌ವರ್ಕ್' ಆಯ್ಕೆಯಲ್ಲಿ ವೇಗ 1 ಎಂಬಿಪಿಎಸ್, ಹೋಗುವಾಗಲೂ ಬರುವಾಗಲೂ 500 ಮಿಲಿಸೆಕೆಂಡ್ ವಿಳಂಬ, ಜೊತೆಗೆ ಶೇಕಡ 10ರಷ್ಟು ಪ್ಯಾಕೆಟ್ ನಷ್ಟ. ಅಂದರೆ ಒಮ್ಮೆ ಹೋಗಿ ಬರಲು ಒಂದು ಸೆಕೆಂಡ್. ಸರ್ವರಿನ ವಿಳಾಸಕ್ಕಾಗಿ ಡಿಎನ್ಎಸ್ ಹುಡುಕಾಟ, ಅದರೊಡನೆ ಟಿಸಿಪಿ ಸಂಪರ್ಕ, ಆ ಸಂಪರ್ಕವನ್ನು ಸುರಕ್ಷಿತಗೊಳಿಸುವ ಟಿಎಲ್ಎಸ್ ಮಾತುಕತೆಗಳಿಗೇ ಮೂರು-ನಾಲ್ಕು ಸೆಕೆಂಡ್ ಕಳೆದುಹೋಗುತ್ತದೆ. ಆರ್ಡರ್ ಬಟನ್ ಒತ್ತಿದಾಗ ಕೋರಿಕೆ ಸರ್ವರ್ ತಲುಪಿ ದಾಖಲಾಯಿತು, ಉತ್ತರ ಮರಳುವಷ್ಟರಲ್ಲಿ ಆ್ಯಪ್ 'ಮತ್ತೆ ಪ್ರಯತ್ನಿಸಿ' ಎಂದಿತು, ನಾನು ಮತ್ತೆ ಒತ್ತಿದೆ, ಸರ್ವರಿನಲ್ಲಿ ಎರಡು ಆರ್ಡರ್. ಪ್ರತಿ ಆರ್ಡರಿಗೂ ಫೋನಿನಲ್ಲೇ ಒಂದು ಗುರುತುಸಂಖ್ಯೆ ಹುಟ್ಟಿಸಿ, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ಆರ್ಡರ್ ಬರೆಯದಂತೆ ಮಾಡಿದ ಮೇಲಷ್ಟೇ ಇದು ಸರಿಹೋಯಿತು.

ಕೊರತೆಗಳೂ ಇವೆ. ವೈಫೈನಿಂದ ಮೊಬೈಲ್ ಡೇಟಾಕ್ಕೆ ಜಾರುವ ಗಳಿಗೆಯನ್ನು ಇದು ಅನುಕರಿಸುವುದಿಲ್ಲ. ಲಾಗಿನ್ ಕೇಳುವ ರೈಲ್ವೆ ನಿಲ್ದಾಣದ ವೈಫೈಯನ್ನೂ ಅಷ್ಟೇ. ಪರಿಣಾಮ ಒಂದು ಆ್ಯಪಿಗೆ ಸೀಮಿತವಲ್ಲ, ಇಡೀ ಫೋನ್ ಅಥವಾ ಮ್ಯಾಕ್‌ನ ಮೇಲೆ. ಸಿಮ್ಯುಲೇಟರ್ (ಮ್ಯಾಕ್‌ನಲ್ಲೇ ಓಡುವ ನಕಲಿ ಐಫೋನ್) ಬಳಸುವುದು ಮ್ಯಾಕ್‌ನ ನೆಟ್‌ವರ್ಕನ್ನೇ ಆದ್ದರಿಂದ, ಅದರ ಪರೀಕ್ಷೆಗೆಂದು ಮ್ಯಾಕ್‌ನಲ್ಲಿ ಇದನ್ನು ಚಾಲೂ ಮಾಡಿದರೆ ನಿಮ್ಮ ವಿಡಿಯೋ ಮೀಟಿಂಗೂ ತಡವರಿಸುತ್ತದೆ. (ಬೇಡದ ಮೀಟಿಂಗಾದರೆ ಇದನ್ನು ಕೊರತೆಯೆನ್ನಲಾರೆ.) ಇದನ್ನು ಆಫ್ ಮಾಡಲು ಮರೆತು, ಮನೆಗೆ ಹೋಗಿ ಇಂಟರ್ನೆಟ್ ಕಂಪನಿಗೆ ದೂರು ಕೊಡಲು ಫೋನ್ ಎತ್ತಿಕೊಂಡದ್ದೂ ಉಂಟು.

ಆ್ಯಂಡ್ರಾಯ್ಡ್ ಪರೀಕ್ಷಕರಿಗೆ ಇದರಿಂದ ನೇರ ಉಪಯೋಗವಿಲ್ಲ. ಅವರು ಎಮ್ಯುಲೇಟರಿನಲ್ಲಿ (ಕಂಪ್ಯೂಟರಿನಲ್ಲಿ ಓಡುವ ನಕಲಿ ಆ್ಯಂಡ್ರಾಯ್ಡ್ ಫೋನ್) ವೇಗ ತಗ್ಗಿಸಿ, ವಿಳಂಬ ಹೆಚ್ಚಿಸಿ ನೋಡಬಹುದು, ಇಲ್ಲವೇ ಫೋನಿನ ಡೇಟಾವನ್ನು ಕಂಪ್ಯೂಟರಿನಲ್ಲಿ ಓಡುವ ಚಾರ್ಲ್ಸ್ ಪ್ರಾಕ್ಸಿ ಎಂಬ ತಂತ್ರಾಂಶದ ಮೂಲಕ ಹಾಯಿಸಬಹುದು. ಚಾರ್ಲ್ಸ್‌ಗೆ ದುಡ್ಡು ಕೊಡಬೇಕು. ಆದರೆ ಕೋರಿಕೆಯ ಒಳಗೇನಿದೆ ಎಂಬುದನ್ನೂ ಅದು ತೋರಿಸುತ್ತದೆ, ಆ್ಯಪಲ್‌ನ ಸಾಧನಕ್ಕೆ ಆ ಕಣ್ಣಿಲ್ಲ. ಐಫೋನ್ ಆ್ಯಪ್ ಬಿಡುಗಡೆಗೆ ಮುಂಚೆ ನಾನಂತೂ ಈಗ '100% ಲಾಸ್' ಮತ್ತು 'ವೆರಿ ಬ್ಯಾಡ್ ನೆಟ್‌ವರ್ಕ್' ಎರಡರಲ್ಲೂ ಆರ್ಡರ್ ಮಾಡಿ ನೋಡದೆ ಸಹಿ ಹಾಕುವುದಿಲ್ಲ.